ಸತ್ತೂರಿನ ಸರ್ವಿಸ್ ರೋಡು ಮತ್ತು 2012ರ ಫ್ರೀಲ್ಯಾಂಡರ್

ಹುಬ್ಬಳ್ಳಿಯವರನ್ನು ಕೇಳಿದರೆ ಸತ್ತೂರ ಧಾರವಾಡದ ಕಡೆಗೆ ಬರ್ತದ ಅಂತಾರೆ. ಧಾರವಾಡದವರನ್ನು ಕೇಳಿದರೆ ಹುಬ್ಬಳ್ಳಿ ರೋಡಿಗೆ ಐತಿ ಅಂತಾರೆ. ಎರಡೂ ಊರಿನ ನಡುವೆ ಪಿ.ಬಿ. ರೋಡಿಗೆ ಅಂಟಿಕೊಂಡಿರುವ ಊರು ಇದು. ಹೊರಗಿನವರಿಗೆ ಗುರುತು ಹೇಳಬೇಕಂದ್ರೆ ಎಸ್‌ಡಿಎಂ ಆಸ್ಪತ್ರೆ ಅಂದ್ರೆ ಸಾಕು. 1986ರಲ್ಲಿ ಡೆಂಟಲ್ ಕಾಲೇಜು, 2003ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಹೊಲದ ನಡುವಿನ ಹಳ್ಳಿಯ ಸುತ್ತ ಲೇಔಟು, ಪಿಜಿ, ಮೆಸ್ಸು, ಔಷಧಿ ಅಂಗಡಿ ಎಲ್ಲಾ ಬಂದವು. ಪಕ್ಕದ ನವಲೂರಿನ ಪೇರಲ ಹಣ್ಣು ಸೀಸನ್ನಿನಲ್ಲಿ ಬುಟ್ಟಿ ಬುಟ್ಟಿ ರಸ್ತೆ ಬದಿಗೆ ಬಂದು ಕೂರುತ್ತದೆ. ರಸ್ತೆಯ ನಟ್ಟನಡುವಿನ ಲೇನಿನಲ್ಲಿ ಚಿಗರಿ ಬಸ್ಸು ಓಡುತ್ತದೆ. ಉಳಿದ ನಾವೆಲ್ಲ ಅದರ ಎಡಬಲಕ್ಕೆ ಓಡುತ್ತೇವೆ.

ಪಿ.ಬಿ. ರೋಡ್ ಅಂದರೆ ಪುಣೆ-ಬೆಂಗಳೂರು ರೋಡು. ದಿನಾ ಬಾಯಲ್ಲಿ ಬರುವ ಹೆಸರಾದ್ದರಿಂದ ನಾವು ಅದರ ಅರ್ಥ ಯೋಚಿಸುವುದಿಲ್ಲ. ನಕ್ಷೆ ತೆಗೆದು ನೋಡಿ. ಇಲ್ಲಿಂದ ಬೆಂಗಳೂರು ನಾಲ್ಕು ನೂರಕ್ಕೂ ಹೆಚ್ಚು ಕಿಲೋಮೀಟರ್. ಪುಣೆಯೂ ನಾಲ್ಕು ನೂರಕ್ಕೂ ಹೆಚ್ಚು. ಅಂದರೆ ಸತ್ತೂರ ಬರೀ ಹುಬ್ಬಳ್ಳಿ-ಧಾರವಾಡದ ನಡುವಿನ ಊರಲ್ಲ, ಆ ಇಡೀ ರಸ್ತೆಯ ಹೆಚ್ಚುಕಡಿಮೆ ನಟ್ಟನಡುವಿನ ಊರು. ಒಂದು ಹಳೇ ಐಷಾರಾಮಿ ಎಸ್‌ಯುವಿ ಕೊಳ್ಳಬೇಕಾ ಬೇಡವಾ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡ ನಮ್ಮ ಮನೆಗೆ ಕೊನೆಗೆ ಉತ್ತರ ಕೊಟ್ಟಿದ್ದರಲ್ಲಿ ಈ ದೂರದ ಪಾಲು ದೊಡ್ಡದು.

ಯಾಕೆ ಬೇಕಿತ್ತು

ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ತಿಂಗಳಿಗೆ ಒಂದು ಸಲ ಆಫೀಸಿಗೆ ಮುಖ ತೋರಿಸಬೇಕು. ಅದಕ್ಕೆ 2023ರ ಜೂನ್‌ನಿಂದ ಓಡುತ್ತಿರುವ ವಂದೇ ಭಾರತ್ ರೈಲಿದೆ. ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗೋಕೆ ಚಿಗರಿ ಇದೆ. ಹಾಗಾಗಿ ಕಾರು ಬೇಕಿದ್ದದ್ದು ನನಗಲ್ಲ, ಅಪ್ಪನಿಗೆ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ, ಪಿಟ್ಟಿಗೆ ಇಳಿದು ಹತ್ತಿ ಮಾಡಿದ ಮೊಣಕಾಲು ಕಳೆದ ವರ್ಷ ಆಪರೇಷನ್ ಆಯಿತು. ಈಗ ಆರಾಮಾಗಿ ನಡೆಯುತ್ತಾರೆ. ಆದರೆ ನಮ್ಮ ಹಳೇ ಹ್ಯಾಚ್‌ಬ್ಯಾಕಿನ ತಗ್ಗು ಸೀಟಿನಲ್ಲಿ ಕೂತರೆ ಏಳಲಿಕ್ಕೆ ಇಬ್ಬರು ಬೇಕು. ಎದ್ದೇಳೋಕೆ ಕೈ ಕೊಡಿಸಿಕೊಳ್ಳೋದು ಅವರಿಗೆ ಇಷ್ಟವಿಲ್ಲ. ಹಂಗಾಗಿ ಮದುವೆ ಮುಂಜಿಗೆ ಬರುವುದನ್ನೇ ಬಿಡುತ್ತಾ ಬಂದರು. ‘ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ’ ಅನ್ನೋ ಮಾತು ತಿಂಗಳಿಗೆ ನಾಲ್ಕು ಸಲ ಕೇಳಲಿಕ್ಕೆ ಶುರುವಾಯಿತು. ಅವ್ವ ಒಂದು ದಿನ ನನ್ನನ್ನು ಅಡಿಗೆಮನೆಗೆ ಕರೆದು, ‘ಎತ್ತರದ ಗಾಡಿ ಒಂದು ನೋಡಪಾ’ ಅಂದರು. ಅಷ್ಟೇ ಅಂದದ್ದು.

ಇನ್ನೊಂದು ಕಾರಣ ಬೈಪಾಸ್. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸು ಹೆದ್ದಾರಿಯ ಭಾಗವಾದರೂ ವರ್ಷಗಟ್ಟಲೆ ಎರಡೇ ಲೇನಿನದಾಗಿತ್ತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೋ ಟ್ರಾವೆಲರ್‌ಗೆ ಟಿಪ್ಪರ್ ಡಿಕ್ಕಿಯಾದ ದಿನವನ್ನು ಈ ಭಾಗದವರು ಮರೆತಿಲ್ಲ. ಈಗ ಅಗಲ ಮಾಡುವ ಕೆಲಸ ನಡೆದಿದೆ. ಆದರೂ ಆ ರಸ್ತೆಯ ಹೆಸರು ಬಂದರೆ ನಮ್ಮ ಮನೆಯಲ್ಲಿ ‘ಭಾರಿ ಗಾಡಿ ಇದ್ರ ಛಲೋ’ ಅನ್ನೋ ಮಾತು ತಾನಾಗಿಯೇ ಬರುತ್ತದೆ.

ನಮ್ಮ ಬಜೆಟ್ಟು ಎಂಟೂವರೆ ಲಕ್ಷ. ಸಾಲ ಇಲ್ಲದೆ, ಕೂಡಿಟ್ಟ ದುಡ್ಡು. ಈ ದುಡ್ಡಿಗೆ ಹೊಸ ಸಣ್ಣ ಕಾರು ಬರುತ್ತದೆ. ಐದಾರು ವರ್ಷದ ಕಾಂಪ್ಯಾಕ್ಟ್ ಎಸ್‌ಯುವಿ ಬರುತ್ತದೆ. ಅದೇ ದುಡ್ಡಿಗೆ, ಒಂದು ಕಾಲಕ್ಕೆ ಮೂವತ್ತು ಲಕ್ಷ ದಾಟಿದ್ದ ಹಳೇ ಐಷಾರಾಮಿ ಗಾಡಿಯೂ ಬರುತ್ತದೆ! ಮೊಬೈಲಿನಲ್ಲಿ ಬೆಲೆಯ ಮಿತಿ ಹಾಕಿ ಹುಡುಕಿದಾಗ ಪಂಚ್, ನೆಕ್ಸಾನ್ ಸಾಲಿನ ನಡುವೆ ಒಂದು ಆಡಿ, ಒಂದು ಬಿಎಂಡಬ್ಲ್ಯೂ, ಒಂದು ಲ್ಯಾಂಡ್ ರೋವರ್ ಬಂದು ನಿಂತರೆ ಯಾರಿಗಾದರೂ ಬೆರಳು ನಿಲ್ಲುತ್ತದೆ.

ಯಾವ ಗಾಡಿ

ನಾವು ನೋಡಿದ್ದು 2012ರ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್ 2. ಸತ್ತೂರಿನ ಒಂದು ಲೇಔಟಿನಲ್ಲೇ ಇತ್ತು. ಮಾಲೀಕರು ವಿದೇಶಕ್ಕೆ ಹೊರಟಿದ್ದರು. ಕೇಳಿದ ಬೆಲೆ ಆರು ಲಕ್ಷ ಎಪ್ಪತ್ತೈದು ಸಾವಿರ. ಓಡಿದ್ದು 92 ಸಾವಿರ ಕಿಲೋಮೀಟರ್.

ಈ ಗಾಡಿಗೂ ನಮ್ಮ ರಸ್ತೆಗೂ ಒಂದು ನಂಟಿದೆ. ಟಾಟಾ ಮೋಟಾರ್ಸ್ 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. 2011ರಲ್ಲಿ ಪುಣೆಯಲ್ಲಿ ಜೋಡಣೆ ಶುರು ಮಾಡಿದಾಗ ಅಲ್ಲಿಂದ ಹೊರಬಂದ ಮೊದಲ ಮಾದರಿ ಇದೇ ಫ್ರೀಲ್ಯಾಂಡರ್. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಟಾಟಾದ ಬಸ್ಸುಗಳು ತಯಾರಾಗುವುದು ನಮಗೆಲ್ಲ ಗೊತ್ತು. ಅದೇ ಮನೆತನದ ಗಾಡಿ, ಅದೇ ಪಿ.ಬಿ. ರೋಡಿನ ಆ ತುದಿಯಲ್ಲಿ ಜೋಡಿಸಿದ್ದು. ಅಪ್ಪನಿಗೆ ಇದನ್ನು ಹೇಳಿದಾಗ, ‘ಹಂಗಾರ ನಮ್ಮ ಪೈಕೀನ ಬಿಡು’ ಅಂದು ನಕ್ಕರು.

ಕಾಗದದ ಮೇಲೆ ಗಾಡಿ ಇಂದಿಗೂ ಚೆನ್ನಾಗಿದೆ. ನಾಲ್ಕೂವರೆ ಮೀಟರ್ ಉದ್ದ, ಅಂದರೆ ನಮ್ಮ ಲೇಔಟಿನ ಓಣಿಯಲ್ಲಿ ತಿರುಗುವಷ್ಟು. ನೆಲದಿಂದ 210 ಮಿ.ಮೀ. ಎತ್ತರ. ಅರ್ಧ ಮೀಟರ್ ನೀರಿನಲ್ಲಿ ಹೋಗಬಲ್ಲದು. ಜೋರು ಮಳೆಗೆ ಟೋಲ್ ನಾಕಾ ಹತ್ತಿರ ನೀರು ನಿಂತದ್ದನ್ನು ನೋಡಿದವರಿಗೆ ಇದು ಬರೀ ಜಾಹೀರಾತಿನ ಅಂಕಿ ಅನ್ನಿಸುವುದಿಲ್ಲ. 2.2 ಲೀಟರ್ ಡೀಸೆಲ್ ಎಂಜಿನ್, ಆರು ಗೇರಿನ ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಶಕ್ತಿ. ದೊಡ್ಡ ಲ್ಯಾಂಡ್ ರೋವರ್‌ಗಳಲ್ಲಿರುವ ಏರ್ ಸಸ್ಪೆನ್ಷನ್ ಇದರಲ್ಲಿಲ್ಲ, ಮಾಮೂಲಿ ಕಾಯಿಲ್ ಸ್ಪ್ರಿಂಗು. ಹಳೇ ಗಾಡಿ ಕೊಳ್ಳುವವರಿಗೆ ಇದೊಂದು ದೊಡ್ಡ ಸಮಾಧಾನ. ಹತ್ತು ವರ್ಷ ದಾಟಿದ ಏರ್ ಸಸ್ಪೆನ್ಷನ್ ಅಂದರೆ ರಬ್ಬರಿನ ಗಾಳಿಚೀಲ, ಕಂಪ್ರೆಸರ್, ವಾಲ್ವು ಎಲ್ಲಕ್ಕೂ ವಯಸ್ಸಾಗಿರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಕಡೆ ಕೂತಿದ್ದರೆ ಸೋರಿಕೆ ಇದೆ ಅಂತಲೇ ಲೆಕ್ಕ. ನೀವು ಕ್ಯೂ7 ತರಹದ ದೊಡ್ಡ ಗಾಡಿ ನೋಡುತ್ತಿದ್ದರೆ ಮೊದಲು ಇದನ್ನೇ ನೋಡಿ.

ಎರಡು ದಿನದ ಪರೀಕ್ಷೆ

ಮೊದಲ ದಿನ ಸಂಜೆ ಹೋದಾಗ ಗಾಡಿ ತೊಳೆದು ನಿಲ್ಲಿಸಿದ್ದರು, ಫಳಫಳ. ಅಪ್ಪ ಮೊದಲು ಮಾಡಿದ್ದು ಬಾನೆಟ್ ಮೇಲೆ ಅಂಗೈ ಇಟ್ಟದ್ದು. ಬೆಚ್ಚಗಿತ್ತು.

‘ಸರ್ರ, ನಾಳೆ ಮುಂಜಾನೆ ಬರ್ತೀವಿ. ನಾವು ಬರೂತನಕ ಚಾಲೂ ಮಾಡಬ್ಯಾಡ್ರಿ’ ಅಂದರು.

ಮಾಲೀಕರು ಒಳ್ಳೆಯವರು. ‘ಆತು ಕಾಕಾ, ನಿಮ್ಮೆದುರಿಗೇ ಮಾಡೋಣು’ ಅಂದರು.

ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ಡೀಸೆಲ್ ಎಂಜಿನ್ನಿನ ನಿಜ ಗೊತ್ತಾಗುವುದು ರಾತ್ರಿಯಿಡೀ ತಣ್ಣಗೆ ನಿಂತ ಮೇಲೆ. ಎಷ್ಟು ಸಲ ಸೆಲ್ಫ್ ತಿರುಗಿತು, ಹೊಗೆ ಯಾವ ಬಣ್ಣದ್ದು, ಮೊದಲ ಅರ್ಧ ನಿಮಿಷ ಶಬ್ದ ಹೇಗಿದೆ ಎಂಬುದೇ ಮುಖ್ಯ. ಹೊಗೆ ನೀಲಿ ಇದ್ದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಕೂಲಂಟ್ ಒಳಗೆ ಹೋಗುತ್ತಿದೆ. ಕಪ್ಪು ಇದ್ದರೆ ಗಾಳಿಗಿಂತ ಡೀಸೆಲ್ ಹೆಚ್ಚು. ಮರುದಿನ ಬೆಳಿಗ್ಗೆ ಏಳಕ್ಕೆ ಈ ಗಾಡಿ ಒಂದೇ ಸಲಕ್ಕೆ ಎದ್ದಿತು, ಹೊಗೆಯಿಲ್ಲ. ಆಯಿಲ್ ಮುಚ್ಚಳ ಬಿಚ್ಚಿ ಇಟ್ಟಾಗ ಗಾಳಿಯ ಒತ್ತಡಕ್ಕೆ ಅದು ಕುಣಿಯಲಿಲ್ಲ. ಅಪ್ಪನ ಮುಖದಲ್ಲಿ ಒಪ್ಪಿಗೆ ಕಂಡಿತು.

ನನ್ನ ಪಾಲಿನ ಕೆಲಸ ಕಾಗದ ಮತ್ತು ಕಂಪ್ಯೂಟರ್. ನೋಂದಣಿ ಸಂಖ್ಯೆ ಹಾಕಿ ಪರಿವಾಹನ್ ತಾಣದಲ್ಲಿ ನೋಡಿದೆ. ಎಷ್ಟನೇ ಮಾಲೀಕರು, ವಿಮೆ ಎಲ್ಲಿಯವರೆಗೆ, ಸಾಲ ಬಾಕಿ ಇದೆಯಾ, ಚಲನ್ ಇವೆಯಾ ಎಲ್ಲಾ ಅಲ್ಲೇ ಸಿಗುತ್ತದೆ. ಚಾಸಿ ನಂಬರನ್ನು ಆರ್‌ಸಿ ಜೊತೆ ಹೋಲಿಸಿದೆ. ಎಲ್ಲಾ ಗಾಜಿನ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತು ಇರುತ್ತದೆ. ಒಂದು ಗಾಜಿನದು ಮಾತ್ರ ಬೇರೆ ವರ್ಷ ಇದ್ದರೆ ಆ ಕಡೆ ಏಟು ಬಿದ್ದಿತ್ತಾ ಅಂತ ಕೇಳಬೇಕು. ಇದರಲ್ಲಿ ಎಲ್ಲವೂ ಒಂದೇ. ಓಬಿಡಿ ಸ್ಕ್ಯಾನರ್ ಚುಚ್ಚಿ ನೋಡಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮಾರುವ ಮೊದಲು ಎಲ್ಲಾ ಎರರ್ ಅಳಿಸಿದ್ದರೆ ಸ್ಕ್ಯಾನರ್ ‘ಏನೂ ಇಲ್ಲ’ ಅನ್ನುತ್ತದೆ. ಆದರೆ ಎರರ್ ಅಳಿಸಿ ಎಷ್ಟು ದೂರ ಓಡಿದೆ ಅಂತಲೂ ಬಹಳಷ್ಟು ಗಾಡಿಗಳಲ್ಲಿ ನೋಡಬಹುದು. ನಿನ್ನೆ ಅಳಿಸಿದ ಲಾಗು ಖಾಲಿ ಇದ್ದರೆ ಅದನ್ನು ಸ್ವಚ್ಛ ಲಾಗು ಅನ್ನೋಕಾಗಲ್ಲ. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸನ್‌ರೂಫ್ ಇದ್ದ ಗಾಡಿಗಳಲ್ಲಿ ಮಳೆನೀರು ಇಳಿಯಲು ಮೂಲೆಗಳಲ್ಲಿ ಸಣ್ಣ ಪೈಪುಗಳಿರುತ್ತವೆ. ಕಸ ಕಟ್ಟಿದರೆ ನೀರು ಒಳಗೆ ಬಂದು ಕಾರ್ಪೆಟ್ ಕೆಳಗಿನ ವೈರಿಂಗ್ ಹಾಳಾಗುತ್ತದೆ. ನಮ್ಮದು ಅರೆಮಲೆನಾಡಿನ ಮಳೆ. ಅಪ್ಪ ಮುಂದಿನ ಮ್ಯಾಟು ಎತ್ತಿ ಕಾರ್ಪೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಣಗಿತ್ತು.

ಆಮೇಲೆ ಓಡಿಸಿದೆವು. ಸತ್ತೂರಿನಿಂದ ಹುಬ್ಬಳ್ಳಿ ಕಡೆಗೆ. ದಾರಿಯ ಏರು, ಅಲ್ಲಿ ಗೇರು ಎಳೆದಾಡದೆ ಬದಲಾಗುತ್ತದಾ ಅಂತ. ರಾಯಾಪುರದ ನೇರ ರಸ್ತೆ, ಅಲ್ಲಿ ಸ್ಟೇರಿಂಗ್ ಬಿಟ್ಟರೆ ಒಂದು ಕಡೆ ಎಳೆಯುತ್ತದಾ ಅಂತ. ಉಣಕಲ್ ಕೆರೆಯ ತನಕ ಹೋಗಿ ತಿರುಗಿದೆವು. ಬೆಳಗಿನ ಹೊತ್ತು, ವಾಕಿಂಗ್ ಮುಗಿಸಿದವರು ಚಹಾದ ಅಂಗಡಿ ಮುಂದೆ ನಿಂತಿದ್ದರು. ನಾಲ್ಕು ಜನ ತಿರುಗಿ ನೋಡಿದ್ದು ಸುಳ್ಳಲ್ಲ. ಎತ್ತರದ ಸೀಟಿನಿಂದ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ. ಚಿಗರಿ ಬಸ್ಸಿನ ಡ್ರೈವರಿನ ಮುಖ ಕಾಣುತ್ತದೆ, ಮುಂದಿನ ಆಟೋದ ಆಚೆಗಿನ ಗುಂಡಿ ಕಾಣುತ್ತದೆ. ಬಾಗಿಲು ಹಾಕಿದರೆ ಹೊರಗಿನ ಗದ್ದಲ ಅಲ್ಲಿಗೇ ನಿಲ್ಲುತ್ತದೆ. ಹದಿಮೂರು ವರ್ಷದ ಹಿಂದೆ ದುಡ್ಡು ಕೊಟ್ಟವರು ಯಾಕೆ ಕೊಟ್ಟರು ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ ಅರವತ್ತರ ವೇಗಕ್ಕೆ ಬಂದಾಗ, ‘ಎಸಿ ಬಂದ್ ಮಾಡು, ಗ್ಲಾಸ್ ಏರಿಸು, ಮಾತಾಡಬ್ಯಾಡ’ ಅಂದರು. ಕಣ್ಣು ಮುಚ್ಚಿ ಕೇಳಿದರು. ಹಿಂದಿನಿಂದ ಸಣ್ಣಗೆ ಗುಂಯ್ ಅನ್ನುವ ದನಿ.

ಈ ಮಾದರಿಯಲ್ಲಿ ಹಿಂದಿನ ಡಿಫರೆನ್ಷಿಯಲ್‌ನ ಬೇರಿಂಗು ಸವೆಯುವುದು ತಿಳಿದವರಿಗೆಲ್ಲ ತಿಳಿದ ವಿಷಯ. ಹಾಗಾಗಿ ನನ್ನ ಎದೆ ಒಮ್ಮೆ ಜಗ್ ಅಂದಿತು. ಪರಿಚಯದ ಗ್ಯಾರೇಜಿಗೆ ಒಯ್ದು ಲಿಫ್ಟಿಗೆ ಏರಿಸಿದಾಗ ಡಿಫರೆನ್ಷಿಯಲ್ ಸರಿ ಇತ್ತು. ದನಿ ಟೈರಿನದು. ಮುಂದೆ ಒಂದು ಕಂಪನಿಯ ಟೈರು, ಹಿಂದೆ ಇನ್ನೊಂದರದು. ಹಿಂದಿನವು ಹಲ್ಲು ಹಲ್ಲಾಗಿ ಸವೆದಿದ್ದವು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 17 ಅಂತ ಇತ್ತು. ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಟೈರುಗಳ ಸವೆತ ಒಂದೇ ಸಮ ಇಲ್ಲದಿದ್ದರೆ ಹಿಂದಕ್ಕೆ ಶಕ್ತಿ ಹಂಚುವ ಭಾಗಗಳಿಗೆ ಸುಮ್ಮನೆ ತ್ರಾಸು. ಅಂದರೆ ಎರಡಲ್ಲ, ನಾಲ್ಕೂ ಟೈರು ಹೊಸದು ಹಾಕಬೇಕು.

ಬೆಲೆ ಇಳಿಯುವುದು ಯಾವುದರದು

ಅಂದು ಮಧ್ಯಾಹ್ನ ಊಟ ಮಾಡಿ ಅಪ್ಪನೂ ನಾನೂ ಲೆಕ್ಕಕ್ಕೆ ಕೂತೆವು. ಗಾಡಿ ಚೆನ್ನಾಗಿದೆ ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಟೈಮಿಂಗ್ ಬೆಲ್ಟ್ ಒಮ್ಮೆಯೂ ಬದಲಾಗಿಲ್ಲ ಅಂತ ಮಾಲೀಕರೇ ಹೇಳಿದ್ದರು. 92 ಸಾವಿರಕ್ಕೆ ಏನು ಅವಸರ ಅಂತ ಕೇಳಬಹುದು. ಬೆಲ್ಟಿಗೆ ಕಿಲೋಮೀಟರಿನ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ಅದು ಓಡುವಾಗ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ.

ಬೆಂಗಳೂರಿನ ಮತ್ತು ಇಲ್ಲಿಯ ಗ್ಯಾರೇಜುಗಳಲ್ಲಿ ಕೇಳಿ, ಅವರು ಹೇಳಿದ ರೇಟು ಬರೆದುಕೊಂಡೆ. ಟೈಮಿಂಗ್ ಬೆಲ್ಟ್ ಕಿಟ್ಟು, ವಾಟರ್ ಪಂಪು, ಕೂಲಿ ಸೇರಿ 48 ಸಾವಿರ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲದರ ಆಯಿಲ್ಲು, ಫಿಲ್ಟರು 36 ಸಾವಿರ. ನಾಲ್ಕು ಟೈರು 62 ಸಾವಿರ. ಮುಂದಿನ ಸಸ್ಪೆನ್ಷನ್ನಿನ ಆರ್ಮು, ಬುಶ್ಶು 44 ಸಾವಿರ. ಬ್ಯಾಟರಿ 15 ಸಾವಿರ. ವಿಮೆ ಮತ್ತು ಹೆಸರು ಬದಲಾವಣೆ 34 ಸಾವಿರ. ಒಟ್ಟು ಎರಡು ಲಕ್ಷ ಮೂವತ್ತೊಂಬತ್ತು ಸಾವಿರ. ಇದರಲ್ಲಿ ರಿಪೇರಿ ಅನ್ನುವುದು ಒಂದೂ ಇಲ್ಲ. ಎಲ್ಲವೂ ವಯಸ್ಸಿಗೆ ತಕ್ಕ ಸಹಜ ಖರ್ಚು.

ಪಟ್ಟಿ ನೋಡಿ ಅಪ್ಪ ಒಂದು ಮಾತು ಹೇಳಿದರು: ‘ತಮ್ಮಾ, ಗಾಡಿ ರೇಟ್ ಇಳೀತೈತಿ, ಸ್ಪೇರಿನ ರೇಟ್ ಇಳಿಯಂಗಿಲ್ಲ.’

ಹಳೇ ಐಷಾರಾಮಿ ಗಾಡಿಯ ಲೆಕ್ಕವೆಲ್ಲ ಇಷ್ಟರಲ್ಲೇ ಇದೆ. ನೀವು ಕೊಡುವ ಬೆಲೆ ಮಾತ್ರ ಆರೂಮುಕ್ಕಾಲು ಲಕ್ಷದ ಗಾಡಿಯದು. ಬಿಡಿಭಾಗ, ಕೂಲಿ, ಟೈರು ಎಲ್ಲಾ ಮೂವತ್ತು ಲಕ್ಷದ ಗಾಡಿಯ ರೇಟಿನಲ್ಲೇ ಬರುತ್ತವೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೂ ಹಾಗೆಯೇ. ಪುಣೆಯಿಂದಲೋ ದೆಹಲಿಯಿಂದಲೋ ಅಗ್ಗಕ್ಕೆ ತಂದ ಗಾಡಿಯನ್ನು ಇಲ್ಲಿ ನೋಂದಾಯಿಸುವಾಗ ವಯಸ್ಸಿಗೆ ತಕ್ಕ ರಿಯಾಯಿತಿ ಸಿಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಗಾಡಿಯ ಮೂಲ ಬೆಲೆಯಿಂದ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ಬೇರೆ ರಾಜ್ಯಗಳಿಗೆ ಹರಿದು ಬಂದವು. ಆದೇಶಗಳು ಆಮೇಲೆ ಬದಲಾಗುತ್ತಾ ಬಂದಿವೆ. ಆದರೆ ‘ಡೆಲ್ಲಿ ಗಾಡಿ, ಭಾಳ ಅಗ್ಗ’ ಅಂತ ಯಾರಾದರೂ ಹೇಳಿದರೆ ಎನ್‌ಓಸಿ ಮತ್ತು ತೆರಿಗೆಯ ಲೆಕ್ಕ ಹಾಕಿದ ಮೇಲೂ ಅಗ್ಗವಾ ಅಂತ ಕೇಳಿ.

2012ರ ಗಾಡಿಗೆ ಇನ್ನೊಂದು ಗಡುವು ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಂದರೆ 2027ರಲ್ಲಿ ಫಿಟ್‌ನೆಸ್ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಮುಂದಿನ ಐದು ವರ್ಷಕ್ಕೆ ನವೀಕರಿಸಬೇಕು. 2022ರಿಂದ ಈ ನವೀಕರಣದ ಶುಲ್ಕ ಕಾರಿಗೆ ಐದು ಸಾವಿರಕ್ಕೆ ಏರಿದೆ. ಆ ಐದು ಸಾವಿರ ದೊಡ್ಡದಲ್ಲ. ಆದರೆ ನೀವು ಅದನ್ನು ಮುಂದೆ ಮಾರುವಾಗ ಕೊಳ್ಳುವವರು ಇದನ್ನೇ ಹೇಳಿ ಬೆಲೆ ಇಳಿಸುತ್ತಾರೆ.

ಸುರಕ್ಷತೆಯ ಮಾತೂ ಬಂತು. ಈ ಗಾಡಿಗೆ ಯುರೋ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಬಂದಿತ್ತು ನಿಜ. ಆದರೆ ಅದು ಸುಮಾರು ಇಪ್ಪತ್ತು ವರ್ಷದ ಹಿಂದಿನ ಪರೀಕ್ಷೆ. ಪರೀಕ್ಷೆಯ ಕಟ್ಟುನಿಟ್ಟು ಆಗಾಗ ಹೆಚ್ಚುತ್ತಾ ಬಂದಿದೆ. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರಲ್ಲಿ ಶುರುವಾಗಿದೆ, ಅದರಲ್ಲಿ ಐದು ಸ್ಟಾರ್ ಪಡೆದ ಸಣ್ಣ ಎಸ್‌ಯುವಿಗಳೂ ಇವೆ. ಬೈಪಾಸಿನ ಭಯಕ್ಕೆ ಭಾರಿ ಗಾಡಿಯೇ ಮದ್ದು ಅನ್ನುವ ನಮ್ಮ ಮನೆಯ ನಂಬಿಕೆ ಇಲ್ಲಿ ಸ್ವಲ್ಪ ಸಡಿಲಾಯಿತು. 2017ರ ಟೈರು ಹಾಕಿದ ಭಾರಿ ಗಾಡಿಗಿಂತ ಹೊಸ ಟೈರಿನ, ಒಳ್ಳೆಯ ಬ್ರೇಕಿನ ಮಧ್ಯಮ ಗಾಡಿ ಮೇಲು.

ನಡುವಿನ ಊರಿನ ಲೆಕ್ಕ

ಇದೇ ಗಾಡಿಯನ್ನು ಬೆಂಗಳೂರಿನಲ್ಲಿರುವ ನನ್ನ ಗೆಳೆಯ ಕೊಂಡರೆ ನಾನು ಬೇಡ ಅನ್ನುವುದಿಲ್ಲ. ಅಲ್ಲಿ ಇಂಥ ಗಾಡಿಗಳನ್ನೇ ಬಿಚ್ಚಿ ಜೋಡಿಸಿ ಬದುಕುವ ಗ್ಯಾರೇಜುಗಳಿವೆ. ಹಳೇ ಬಿಡಿಭಾಗ ಸಿಗುವ ಕಡೆಗಳಿವೆ. ಗಾಡಿ ನಿಂತರೆ ಆಟೋ ಹತ್ತಿ ಮನೆಗೆ ಹೋಗಿ, ನಾಳೆ ನೋಡೋಣ ಅನ್ನಬಹುದು.

ಸತ್ತೂರಿನಲ್ಲಿ ಮಾಮೂಲಿ ಗಾಡಿಗೆ ಯಾವ ಚಿಂತೆಯೂ ಇಲ್ಲ. ಗೋಕುಲ ರೋಡಿಗೆ ಹೋದರೆ ಶೋರೂಮು, ಗ್ಯಾರೇಜು, ಸ್ಪೇರ್ ಅಂಗಡಿ ಸಾಲಾಗಿವೆ. ಬಸ್ಸು, ಟ್ರ್ಯಾಕ್ಟರು, ಟ್ರಕ್ಕು ರಿಪೇರಿ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳು ಇಲ್ಲಿದ್ದಾರೆ, ಅವರ ಪೈಕಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಈ ಗಾಡಿಯ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಸ್ಪ್ಯಾನರ್ ಸಾಲುವುದಿಲ್ಲ, ಆ ಕಂಪನಿಯ ಸಾಫ್ಟ್‌ವೇರ್ ಬಲ್ಲ ಯಂತ್ರವೂ ಬೇಕು. ಅದು ಸಿಗುವ ದೊಡ್ಡ ಪೇಟೆ ಆ ಕಡೆ ನಾಲ್ಕು ನೂರು ಕಿಲೋಮೀಟರ್, ಈ ಕಡೆ ನಾಲ್ಕು ನೂರು ಕಿಲೋಮೀಟರ್. ನಾನು ಕೇಳಿದ ಒಂದೊಂದು ಭಾಗಕ್ಕೂ ಗ್ಯಾರೇಜಿನವರು ‘ತರಿಸ್ಬೇಕ್ರಿ’ ಅಂದರು. ತರಿಸುವ ನಾಲ್ಕಾರು ದಿನ ಗಾಡಿ ಜಾಕಿ ಮೇಲೆ ಇರುತ್ತದೆ. ನಮ್ಮ ಮನೆಗೆ ಇರುವುದು ಅದೊಂದೇ ಗಾಡಿ ಆದರೆ, ಆ ನಾಲ್ಕಾರು ದಿನ ಅಪ್ಪ ಮತ್ತೆ ‘ನೀವು ಹೋಗಿ ಬರ್ರಿ’ ಅನ್ನುತ್ತಾರೆ. ಯಾವುದಕ್ಕಾಗಿ ಗಾಡಿ ತರುವುದೋ ಅದೇ ಆಗುವುದಿಲ್ಲ.

ಓಡಾಟದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸತ್ತೂರಿನಿಂದ ಆಸ್ಪತ್ರೆ ಎರಡು ಹೆಜ್ಜೆ, ಧಾರವಾಡ ಹತ್ತಿರ, ಹುಬ್ಬಳ್ಳಿಯೂ ಅರ್ಧ ತಾಸು. ದೊಡ್ಡ ಡೀಸೆಲ್ ಎಂಜಿನ್ನಿಗೆ ಇಂಥ ಸಣ್ಣ ಸಣ್ಣ ಓಡಾಟ ಒಗ್ಗುವುದಿಲ್ಲ. ಆಯಿಲ್ ಪೂರ್ತಿ ಕಾಯುವ ಮೊದಲೇ ಬಂದ್ ಮಾಡಿರುತ್ತೇವೆ, ಮಸಿ ಒಳಗೇ ಕೂರುತ್ತದೆ. ದೂರದ ಓಟಕ್ಕೆ ಹುಟ್ಟಿದ ಗಾಡಿಯನ್ನು ತರಕಾರಿಗೆ ಒಯ್ದಂತೆ.

ಅಪ್ಪ ಡಿಪೋದ ಪದ್ಧತಿ ನೆನಪಿಸಿದರು. ಬಸ್ಸು ಕೆಟ್ಟು ನಿಲ್ಲುವ ತನಕ ಅಲ್ಲಿ ಕಾಯುವುದಿಲ್ಲ. ಇಷ್ಟು ಕಿಲೋಮೀಟರ್ ಆಯಿತು ಅಂದರೆ ಡಾಕಿಂಗ್‌ಗೆ ಬರಲೇಬೇಕು, ಚೆನ್ನಾಗಿ ಓಡುತ್ತಿದ್ದರೂ ಬರಬೇಕು. ‘ಹಳೇ ಗಾಡಿ ನಡಸಾಕ ರೊಕ್ಕ ಬೇಕಾಗೂದು ಕೆಟ್ಟಾಗಲ್ಲ, ಛಲೋ ಇದ್ದಾಗ’ ಅಂದರು. ಅದಕ್ಕೇ ನಾವು ಎರಡು ಲಕ್ಷ ಮೂವತ್ತೊಂಬತ್ತು ಸಾವಿರದ ಕೆಳಗೆ ಇನ್ನೊಂದು ಸಾಲು ಬರೆದೆವು: ಮೊದಲ ವರ್ಷದ ಆಪತ್ತಿಗೆ ಒಂದೂವರೆ ಲಕ್ಷ, ಮುಟ್ಟಬಾರದ ದುಡ್ಡು. ಎಂಟೂವರೆಯಿಂದ ಎರಡನ್ನೂ ಕಳೆದರೆ ಉಳಿದದ್ದು ನಾಲ್ಕು ಲಕ್ಷ ಅರವತ್ತೊಂದು ಸಾವಿರ. ನಮಗೆ ಆ ಗಾಡಿಯ ಬೆಲೆ ಅಷ್ಟೇ.

ಮಾಲೀಕರಿಗೆ ಪಟ್ಟಿಯನ್ನೇ ತೋರಿಸಿ ನಾಲ್ಕು ಅರವತ್ತು ಅಂದೆ. ಅವರು ಪಟ್ಟಿಯನ್ನು ಪೂರ್ತಿ ಓದಿದರು. ‘ನಿಮ್ಮ ಲೆಕ್ಕ ಬರೋಬರಿ ಐತಿ, ಆದ್ರ ಆರರ ಕೆಳಗ ನಂಗ ಆಗೂದಿಲ್ಲ’ ಅಂದರು. ಅವರ ಕಡೆಯಿಂದ ಅದೂ ಸರಿಯೇ. ಚಹಾ ಕುಡಿದು ಎದ್ದೆವು.

ಟೇಪಿನ ಅಳತೆ

ಹೊರಡುವಾಗ ಅಪ್ಪ ಜೇಬಿನಿಂದ ಅಳತೆ ಟೇಪು ತೆಗೆದು, ಕೇಳಿಕೊಂಡು, ಗಾಡಿಯ ಮುಂದಿನ ಸೀಟು ನೆಲದಿಂದ ಎಷ್ಟು ಎತ್ತರ ಅಂತ ಅಳೆದರು. ಮನೆಗೆ ಬಂದು ತಮ್ಮ ಮಂಚ ಅಳೆದರು. ಮರುದಿನ ಎದುರುಮನೆಯ ಕಾಂಪ್ಯಾಕ್ಟ್ ಎಸ್‌ಯುವಿ ಅಳೆದರು, ಅದರಲ್ಲಿ ಎರಡು ಸಲ ಕೂತು ಎದ್ದರು. ಕೈ ಯಾರದ್ದೂ ಹಿಡಿಯಲಿಲ್ಲ. ಫ್ರೀಲ್ಯಾಂಡರ್‌ಗಿಂತ ನಾಲ್ಕೈದು ಸೆಂಟಿಮೀಟರ್ ತಗ್ಗು ಇತ್ತು. ಆದರೆ ಅದೇ ಅವರಿಗೆ ಅನುಕೂಲ, ಏಕೆಂದರೆ ತೀರಾ ಎತ್ತರದ ಸೀಟಿಗೆ ಹತ್ತುವಾಗ ಆಪರೇಷನ್ ಆದ ಕಾಲನ್ನು ಜಾಸ್ತಿ ಎತ್ತಬೇಕಾಗುತ್ತದೆ. ನಮಗೆ ಬೇಕಾಗಿದ್ದ ‘ಎತ್ತರದ ಗಾಡಿ’ಯ ಎತ್ತರ ಎಷ್ಟು ಅಂತ ಅವತ್ತು ಅಂಕಿಯಲ್ಲಿ ಗೊತ್ತಾಯಿತು.

ಹಳೇ ಐಷಾರಾಮಿ ಗಾಡಿ ಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಎರಡನೇ ಗಾಡಿ ಇದ್ದರೆ, ಆ ಗಾಡಿ ಬಲ್ಲ ಗ್ಯಾರೇಜು ಒಂದು ಗಂಟೆಯ ದೂರದೊಳಗೆ ಇದ್ದರೆ, ಕೊಂಡ ಬೆಲೆಯ ಅರ್ಧದಷ್ಟು ದುಡ್ಡು ಬ್ಯಾಂಕಿನಲ್ಲಿ ಬೇರೆಯಾಗಿ ಇದ್ದರೆ ಧಾರಾಳವಾಗಿ ಕೊಳ್ಳಿ. ಅದರ ಸುಖವೇ ಬೇರೆ, ಉಣಕಲ್ ತನಕ ಹೋಗಿ ಬಂದವನಾಗಿ ಹೇಳುತ್ತೇನೆ. ಈ ಮೂರರಲ್ಲಿ ಎರಡು ಇಲ್ಲದಿದ್ದರೆ ಟೆಸ್ಟ್ ಡ್ರೈವ್ ಮುಗಿಸಿ, ಮಾಲೀಕರಿಗೆ ಥ್ಯಾಂಕ್ಸ್ ಹೇಳಿ ಬನ್ನಿ.

ಈ ಭಾನುವಾರ ಗೋಕುಲ ರೋಡಿನಲ್ಲಿ ಆರು ವರ್ಷದ ಒಂದು ಗಾಡಿ ನೋಡಲು ಹೊರಟಿದ್ದೇವೆ. ಮೊದಲೇ ಫೋನ್ ಮಾಡಿ, ಮುಂಜಾನೆ ನಾವು ಬರುವ ತನಕ ಚಾಲೂ ಮಾಡಬೇಡಿ ಅಂತ ಹೇಳಿದ್ದೇನೆ. ಅಪ್ಪ ಟಾರ್ಚು, ಟೇಪು, ಕೈ ಒರೆಸುವ ಬಟ್ಟೆ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗು ಹಾಕಿದ್ದಾರೆ. ಈ ಸಲ ಅವ್ವನೂ ಬರುತ್ತಾರಂತೆ.